ಸೇಟನ್ ಬಗ್ ನೋಡುವುದೋ, ಆಂಡ್ರೊಮಿಡಾ ಸ್ಟ್ರೇನ್ ನೋಡುವುದೋ?

ಮಾರಕ ಸೂಕ್ಷ್ಮಾಣುವಿನ ಸುತ್ತ ಹೆಣೆದ ಹಳೆಯ ಹಾಲಿವುಡ್ ಥ್ರಿಲ್ಲರ್ ನೋಡಬೇಕೆಂದರೆ ಮೊದಲು ನೆನಪಾಗುವುದು ಈ ಎರಡು.

‘ದಿ ಸೇಟನ್ ಬಗ್’ 1965ರ ಚಿತ್ರ, ನಿರ್ದೇಶನ ಜಾನ್ ಸ್ಟರ್ಜಸ್. ಅಲಿಸ್ಟೇರ್ ಮೆಕ್‌ಲೀನ್ ಬೇರೆ ಹೆಸರಿನಲ್ಲಿ ಬರೆದ ಕಾದಂಬರಿ ಇದರ ಮೂಲ. ಇಂಗ್ಲೆಂಡಿನ ಕತೆಯನ್ನು ಚಿತ್ರ ಕ್ಯಾಲಿಫೋರ್ನಿಯಾದ ಮರುಭೂಮಿಗೆ ಒಯ್ದಿತು, ಅದು ಒಳ್ಳೆಯದೇ ಆಯಿತು. ಬಟಾಬಯಲು, ನೇರ ರಸ್ತೆ, ಬೇಲಿಯೊಳಗೊಂದು ರಹಸ್ಯ ಪ್ರಯೋಗಾಲಯ. ಅಲ್ಲಿಂದ ಗಾಜಿನ ಫ್ಲಾಸ್ಕ್‌ಗಳು ಕಳುವಾಗುತ್ತವೆ. ಕೆಲವದರಲ್ಲಿ ಬಾಟ್ಯುಲಿನಸ್ ವಿಷ. ಒಂದರಲ್ಲಿರುವುದು ಹೊರಬಿದ್ದರೆ ಇಡೀ ಮನುಕುಲವೇ ಅಳಿಯುತ್ತದೆ. ಆ ಫ್ಲಾಸ್ಕ್ ಕೈಯಿಂದ ಕೈಗೆ ಹೋಗುವಾಗಲೆಲ್ಲ ಎದೆ ಝಲ್ಲೆನ್ನುತ್ತದೆ. ಜೆರ್ರಿ ಗೋಲ್ಡ್‌ಸ್ಮಿತ್ ಸಂಗೀತ ಆ ಆತಂಕವನ್ನು ಎಲ್ಲೂ ಸಡಿಲ ಬಿಡುವುದಿಲ್ಲ. ಕೊರತೆಯೂ ಇದೆ: ಪಾತ್ರಗಳು ತೆಳು, ನಡುವೆ ಮಾತು ಜಾಸ್ತಿ. ಆದರೂ ಕದ್ದವನು ಯಾರು, ಅವನಿಗೇನು ಬೇಕು ಎಂಬ ಕುತೂಹಲ ಕೊನೆವರೆಗೂ ಎಳೆದೊಯ್ಯುತ್ತದೆ.

ರಾಬರ್ಟ್ ವೈಸ್ ಅವರ ‘ದಿ ಆಂಡ್ರೊಮಿಡಾ ಸ್ಟ್ರೇನ್’ (1971) ಚಿತ್ರದಲ್ಲಿ ಕಳ್ಳನಿಲ್ಲ, ಬೆನ್ನಟ್ಟುವಿಕೆಯೂ ಇಲ್ಲ. ಉಪಗ್ರಹದೊಂದಿಗೆ ಬಂದ ಜೀವಿಯೊಂದು ಊರನ್ನೇ ಕೊಲ್ಲುತ್ತದೆ. ಉಳಿಯುವುದು ಒಬ್ಬ ಮುದುಕ, ಒಂದು ಹಸುಗೂಸು. ಅದೇಕೆ ಎಂದು ವಿಜ್ಞಾನಿಗಳು ನೆಲದಡಿಯ ಐದು ಅಂತಸ್ತಿನ ಪ್ರಯೋಗಾಲಯದಲ್ಲಿ ಹುಡುಕುತ್ತಾರೆ. ನಿಧಾನ, ಆದರೆ ಪ್ರಯೋಗದ ವಿವರಗಳು ಅದ್ಭುತ.

ಪತ್ತೇದಾರಿ ಇಷ್ಟವೆಂದರೆ ಮೊದಲನೆಯದು. ವಿಜ್ಞಾನ ಓದುವ ಹರೆಯದ ಮಕ್ಕಳು ಜೊತೆಗಿದ್ದರೆ ಕಣ್ಣುಮುಚ್ಚಿ ಎರಡನೆಯದನ್ನೇ ಹಾಕಿ.