ಕೊನೆಗೂ ಮಗಳಿಗೊಂದು ಬೇಕರಿ ಸಿಕ್ಕಿತು

ಮಗಳಿಗೆ ಸೀಲಿಯಾಕ್ ಕಾಯಿಲೆ, ಅಂದರೆ ಗೋಧಿಯಂಥ ಧಾನ್ಯಗಳಲ್ಲಿರುವ ಗ್ಲುಟನ್ ಎಂಬ ಅಂಟು ಹೊಟ್ಟೆಗೆ ಹೋದರೆ ಕರುಳಿಗೆ ಪೆಟ್ಟು. ಗೋಧಿ, ಮೈದಾ, ರವೆ ಯಾವುದೂ ಆಗಲ್ಲ. ಬಳ್ಳಾರಿಯಲ್ಲಿ ಬೇಕರಿ ಕಂಡರೆ ಅವಳ ಕೈ ಹಿಡಿದು ಬೇಗ ಬೇಗ ದಾಟುತ್ತಿದ್ದೆ.

ಗಾಂಧಿನಗರದ ಈ ಪುಟ್ಟ ಅಂಗಡಿಯಲ್ಲಿ ಜೋಳದ ಹಿಟ್ಟು, ಬೆಲ್ಲ, ಶೇಂಗಾ ಹಾಕಿದ ಬಿಸ್ಕತ್ತು ಸಿಕ್ಕಿತು. ಹಾಲಿಲ್ಲ, ಬೆಣ್ಣೆ ಬದಲು ಕೊಬ್ಬರಿ ಎಣ್ಣೆ. ಹುರಿದ ಜೋಳದ ಘಮ ಬಾಯಲ್ಲಿ ತುಂಬಾ ಹೊತ್ತು ಉಳಿಯುತ್ತದೆ. ಮಗಳು ನಿಂತಲ್ಲೇ ನಾಲ್ಕು ತಿಂದಳು. ನವಣೆ ಕೇಕ್ ಸ್ವಲ್ಪ ಪುಡಿಪುಡಿ. ಹಿಟ್ಟಲ್ಲಿ ಅಂಟಿಲ್ಲ, ಅಲ್ವಾ?

ಖಾರಾ ಬಿಸ್ಕತ್ತು ಮಾತ್ರ ಕೊಡಿಸಲಿಲ್ಲ. ಅದರಲ್ಲಿ ಇಂಗಿತ್ತು. ಇಂಗಿನ ಪುಡಿಗೆ ಎಷ್ಟೋ ಸಲ ಗೋಧಿ ಹಿಟ್ಟು ಬೆರೆಸಿರುತ್ತಾರೆ. ಹೇಳಿದ ಕೂಡಲೇ ಅಂಗಡಿ ಅಕ್ಕ ಡಬ್ಬಿ ತಂದು ಓದಿದರು. ಹೌದು, ಗೋಧಿ ಇತ್ತು. ಟ್ರೇ ಸಮೇತ ಎತ್ತಿ ಒಳಗಿಟ್ಟರು. "ಮುಂದಿನ ವಾರ ಇಂಗಿಲ್ಲದೆ ಮಾಡ್ತೀನಿ, ಬರ್ರಿ" ಅಂದರು. ಹೋಗುತ್ತೇವೆ.