ವರ್ಡ್‌ನ ಸ್ಪೆಲ್‌ಚೆಕ್: ಎಲ್ಲಿ ನಂಬಬಹುದು, ಎಲ್ಲಿ ಬೇಡ

ಮೈಕ್ರೋಸಾಫ್ಟ್ ವರ್ಡ್‌ನ ಸ್ಪೆಲ್‌ಚೆಕ್ ಅಕ್ಷರದೋಷ ಹಿಡಿಯುವುದರಲ್ಲಿ ಗಟ್ಟಿ. ಒಂದು ಪದದ ಜಾಗದಲ್ಲಿ ಇನ್ನೊಂದು ಪದ ಬಂದು ಕೂತಾಗ ಮಾತ್ರ ಅದನ್ನು ನೆಚ್ಚಿಕೊಳ್ಳಬೇಡಿ. ಕಾಲೇಜಿನ ಅರ್ಜಿಯನ್ನೇ ನೋಡಿ: ಮುಖ್ಯಸ್ಥರಾದ ಪ್ರಿನ್ಸಿಪಲ್ ಮುಗಿಯುವುದು ಪಿ-ಎ-ಎಲ್‌ನಿಂದ, ತತ್ವ ಎಂಬರ್ಥದ್ದು ಪಿ-ಎಲ್-ಇಯಿಂದ. ಎರಡೂ ನಿಘಂಟಿನಲ್ಲಿವೆ, ಕೆಂಪು ಗೆರೆ ಬೀಳುವುದಿಲ್ಲ. ವ್ಯಾಕರಣ ತಪಾಸಣೆಯ ನೀಲಿ ಗೆರೆಗೂ ಪೂರ್ತಿ ವಾಕ್ಯ ಬೇಕು, ವಿಳಾಸದ ತುಂಡು ಸಾಲು ಸಾಲದು.

ನಿಜಕ್ಕೂ ಮೆಚ್ಚಬೇಕಾದ್ದು ಎಕ್ಸ್‌ಕ್ಲೂಡ್ ಡಿಕ್ಷನರಿ, ಅಂದರೆ ನಿಘಂಟಿನಲ್ಲಿದ್ದರೂ ವರ್ಡ್ ತಪ್ಪೆಂದು ತೋರಿಸಬೇಕಾದ ಪದಗಳ ಪಟ್ಟಿ. ವಿಂಡೋಸ್‌ನಲ್ಲಿ ವರ್ಡ್ ಮುಚ್ಚಿ, ಆ್ಯಪ್‌ಡೇಟಾದ ರೋಮಿಂಗ್‌ನಲ್ಲಿರುವ ಮೈಕ್ರೋಸಾಫ್ಟ್ ಫೋಲ್ಡರ್‌ನೊಳಗಿನ ಯುಪ್ರೂಫ್‌ಗೆ ಹೋಗಿ. ಅಲ್ಲಿರುವ ಎಕ್ಸ್‌ಕ್ಲೂಡ್ ಡಿಕ್ಷನರಿ ಫೈಲನ್ನು ನೋಟ್‌ಪ್ಯಾಡ್‌ನಲ್ಲಿ ತೆರೆದು ಸಾಲಿಗೊಂದು ಪದ ಸಣ್ಣಕ್ಷರದಲ್ಲಿ ಸೇರಿಸಿ. ಅಮೆರಿಕನ್ ಇಂಗ್ಲಿಷಿನ ಫೈಲ್ ಹೆಸರಿನ ಕೊನೆಗೆ 0409, ಬ್ರಿಟಿಷಿನದಕ್ಕೆ 0809. ನೀವು ಬಳಸುವ ಇಂಗ್ಲಿಷಿನದನ್ನು ಬಿಟ್ಟು ಬೇರೆ ಫೈಲಿಗೆ ಸೇರಿಸಿದರೆ ಕೆಲಸವಾಗದು. ಇನ್ನು ಆ ಪದ ಸರಿಯಿದ್ದರೂ ಕೆಂಪು ಗೆರೆ ಖಚಿತ, ಹಾಗಾಗಿ ಪದೇ ಪದೇ ಎಡವುವ ನಾಲ್ಕೈದನ್ನಷ್ಟೇ ಹಾಕಿ.