ಟ್ಯೂಷನ್ ರೂಮಿನ ವಿಡಿಯೋ ಕಾನ್ಫರೆನ್ಸ್ ಸೆಟ್: ಮೂರು ವರ್ಷ ಬಳಸಿದ ಮ್ಯಾಲ ಬರೀಲಕತ್ತೀನಿ

ಇದು ಬಾಕ್ಸ್ ಒಡದು ಎರಡ್ ದಿನಕ್ಕ ಬರದಿದ್ದ ರಿವ್ಯೂ ಅಲ್ಲ. 2022 ಜೂನ್‌ನಾಗ ತಗೊಂಡಿದ್ದು, ಮೂರು ಬ್ಯಾಚ್ ಪಿಯುಸಿ ಹುಡುಗ್ರು ಇದ್ರ ಮುಂದ ಕುಂತು ಕಲ್ತು ಪರೀಕ್ಷೆ ಬರದು ಹೋಗ್ಯಾರ. ನಾ ಕಲಬುರಗಿಯೊಳಗ ಪಿಯುಸಿ ಗಣಿತ ಟ್ಯೂಷನ್ ತಗೋತೀನಿ. ಮನಿ ಮ್ಯಾಲಿನ ಒಂದ್ ರೂಮು, 28 ಮಂದಿ ಕುಂದ್ರತಾರ, ಇನ್ನ 12-15 ಮಂದಿ ತಮ್ಮ ತಮ್ಮ ಊರಾಗಿಂದ ಮೊಬೈಲಿನ್ಯಾಗ ಬರ್ತಾರ. ಆಳಂದ ಕಡಿಯವ್ರು, ಅಫಜಲಪುರ ಕಡಿಯವ್ರು, ಮೂರ್ನಾಲ್ಕ ಮಂದಿ ಚಿಂಚೋಳಿ ದಾಟಿ ಕುಂಚಾವರಂ ಅಡವಿ ಕಡಿಯವ್ರು.

ಸೆಟ್ ಅಂದ್ರ ಏನೇನು ಅಂತ ಹೇಳಿಬಿಡ್ತೀನಿ. 1080ಪಿ ಯುಎಸ್‌ಬಿ ಕ್ಯಾಮೆರಾ, ತಿರಗೋದು, 10 ಪಟ್ಟು ಆಪ್ಟಿಕಲ್ ಜೂಮ್ ಇರೋದು. 43 ಇಂಚಿನ ಟಿವಿ. ಹಳೆ ಲ್ಯಾಪ್‌ಟಾಪು. ಆಮ್ಯಾಲ ತಗೊಂಡಿದ್ದು ಒಂದ್ ಸ್ಪೀಕರ್‌ಫೋನು, ಸಣ್ಣ ತಾಟಿನ ಹಂಗ ಗುಂಡಗಿರ್ತದಲ್ಲ ಅದು, ಮತ್ತ ಒಂದ್ ಕಾಲರ್ ಮೈಕು. ಕಂಪನಿ ಹೆಸರು ಬರಿಯಂಗಿಲ್ಲ, ಯಾಕಂದ್ರ ನಾ ಮಾಡಿದ ತಪ್ಪು ಯಾವ ಕಂಪನಿದು ತಗೊಂಡ್ರೂ ಮಾಡೂವೇ.

ಇದೆಲ್ಲಾ ಯಾಕ ಬೇಕಾಗಿತ್ತು ಅಂತ ಭಾಳ ಮಂದಿ ಕೇಳ್ತಾರ, ಯೂಟ್ಯೂಬಿನ್ಯಾಗ ಪಾಠ ಸಿಗ್ತಾವಲ್ರಿ ಮೇಡಂ ಅಂತಾರ. ಸಿಗ್ತಾವ, ಛಲೋನೂ ಇರ್ತಾವ. ದೂರಿಂದ ಪಾಠ ಹೇಳೋದು ಹೊಸಾದೇನೂ ಅಲ್ಲ, 2004ರಾಗೇ ಇಸ್ರೋದವ್ರು ಪಾಠ ಹೇಳೂ ಸಲುವಾಗೇ ಎಜುಸ್ಯಾಟ್ ಅಂತ ಉಪಗ್ರಹ ಹಾರಿಸಿದ್ರು, ಕೊರೊನಾದಾಗ ಚಂದನ ಚಾನೆಲಿನ್ಯಾಗ ಸಂವೇದ ಪಾಠ ಬರ್ತಿದ್ವು, ನಮ್ಮನಿ ಬಾಜೂಕಿನ ಹುಡುಗ ಟಿವಿ ಮುಂದ ನೋಟ್‌ಬುಕ್ ಹಿಡ್ಕೊಂಡು ಕುಂದ್ರತಿದ್ದ. ಆದ್ರ ಟಿವಿಗೆ ‘ಜರಾ ನಿಂದ್ರಿ, ಆ ಮೂರನೇ ಲೈನ್ ಹೆಂಗ ಬಂತು’ ಅಂತ ಕೇಳ್ಲಕ್ಕ ಬರಂಗಿಲ್ಲ. ಗಣಿತದಾಗ ಆ ಮೂರನೇ ಲೈನೇ ಎಲ್ಲಾ. ಅದನ್ನ ಕೇಳ್ಲಕ್ಕ ಆಗೋದಿದ್ರಷ್ಟೇ ಇಷ್ಟ್ ರೊಕ್ಕ ಹಾಕೋದಕ್ಕ ಅರ್ಥ ಅದ, ಇಲ್ಲಂದ್ರ ಫುಕಟ್ ಯೂಟ್ಯೂಬೇ ಬರೋಬ್ಬರಿ.

ಮತ್ತ ನಮ್ಮ ಕ್ಲಾಸ್ ಇರೋದು ಸಂಜಿ 6ರಿಂದ 7:30. 2023ರಾಗ ಶಕ್ತಿ ಯೋಜನೆ ಬಂದು ಹುಡುಗ್ಯಾರಿಗೆ ಬಸ್ ಚಾರ್ಜೇನೋ ಉಳೀತು, ಆದ್ರ ಏಳೂವರಿಗೆ ಕ್ಲಾಸ್ ಬಿಟ್ಟು ಕತ್ತಲದಾಗ ಊರ್ ಮುಟ್ಟೋದು ಯಾರ ಅವ್ವ ಅಪ್ಪ ಒಪ್ತಾರ ಹೇಳ್ರಿ.

ಕೊರೊನಾ ಟೈಮಿನ್ಯಾಗ ನಾನೂ ಮೊಬೈಲ್ ಸ್ಟ್ಯಾಂಡಿಗೆ ಹಾಕಿ ಪಾಠ ಮಾಡ್ದಾಕಿನೇ. ದೇಶದಾಗ ಕೊರೊನಾದ ಮೊದಲ ಸಾವು ನಮ್ಮ ಕಲಬುರಗಿದೇ, 2020 ಮಾರ್ಚ್‌ದು, ಹಂಗಾಗಿ ನಮ್ಮೂರಾಗ ಬಾಗಲಾ ಹಾಕಿದ್ದೂ ಭಾಳ ಲಗೂನೇ. ಆವಾಗ ಒಂದ್ ಅನುಕೂಲ ಇತ್ತು, ಎಲ್ಲಾರೂ ಮನ್ಯಾಗೇ, ಎಲ್ಲಾರಿಗೂ ಒಂದೇ ತ್ರಾಸು. ಅರ್ಧ ಮಂದಿ ಎದುರಿಗೆ, ಅರ್ಧ ಮಂದಿ ಟಿವಿಯೊಳಗ ಇದ್ದಾಗ ಪಾಠ ಮಾಡೋದು ಬ್ಯಾರೇನೇ ಕಥಿ, ಅದು ನನಗ ರೊಕ್ಕ ಕೊಟ್ಟ ಮ್ಯಾಲ ತಿಳೀತು.

ಕ್ಯಾಮೆರಾದ ಸುದ್ದಿ ಮೊದಲ ಮುಗಿಸ್ತೀನಿ. ಸುಮಾರು 40 ಸಾವಿರ ಕೊಟ್ಟೆ, ಇಡೀ ಸೆಟ್ಟಿನ್ಯಾಗ ಹೆಚ್ಚಿನ ರೊಕ್ಕ ಅದಕ್ಕೇ ಹೋಯ್ತು. ಅದ್ರಾಗ ಆಟೋ ಟ್ರ್ಯಾಕಿಂಗ್ ಅಂತ ಅದ, ಅಂಗಡಿಯವ್ರು ಅದನ್ನೇ ತೋರ್ಸಿ ತೋರ್ಸಿ ಮಾರ್ತಾರ, ನೀವು ಎಲ್ಲಿ ಹೋದ್ರೂ ಕ್ಯಾಮೆರಾ ನಿಮ್ಮ ಹಿಂದೇ ಬರ್ತದ್ರಿ ಮೇಡಂ ಅಂತ. ಬರ್ತದ, ಅದೇ ತ್ರಾಸು. ನಾ ಬೋರ್ಡ್ ಬಿಟ್ಟು ಹಿಂದಿನ ಬೆಂಚಿನವ್ನ ನೋಟ್‌ಬುಕ್ ನೋಡ್ಲಕ್ಕ ಹೋದ್ರ ಅದೂ ನನ್ನ ಹಿಂದ ಬರ್ತಿತ್ತು, ಊರಿನ ಹುಡುಗ್ರಿಗೆ ಬೋರ್ಡ್ ಹೋಗಿ ನನ್ನ ಬೆನ್ನು ಕಾಣ್ತಿತ್ತು. ಎರಡನೇ ವಾರದಾಗ ಆ ಟ್ರ್ಯಾಕಿಂಗ್ ಬಂದ್ ಮಾಡಿದ್ದು ಇವತ್ತಿನ ತನಕ ಚಾಲೂ ಮಾಡಿಲ್ಲ. ಬೋರ್ಡಿನ ಎಡಭಾಗ ಒಂದು, ಬಲಭಾಗ ಒಂದು, ಪೂರಾ ರೂಮು ಒಂದು, ಹಿಂಗ ಮೂರು ಜಾಗಾ ರಿಮೋಟಿನ್ಯಾಗ ಸೇವ್ ಮಾಡ್ಕೊಂಡೀನಿ, ಅಷ್ಟೇ ಸಾಕು. ಇನ್ನ ಕೇಬಲ್ಲು. ಕ್ಯಾಮೆರಾ ಹಿಂದಿನ ಗ್ವಾಡಿಗೆ, ಲ್ಯಾಪ್‌ಟಾಪ್ ಮುಂದ ಟೇಬಲ್ ಮ್ಯಾಲ, ನಡುವ 8 ಮೀಟರ್. ಸಾದಾ ಯುಎಸ್‌ಬಿ ಕೇಬಲ್ 5 ಮೀಟರ್ ದಾಟಿದ್ರ ಭರೋಸ ಇಲ್ಲ, ನಡುನಡುವ ಕ್ಯಾಮೆರಾನೇ ಮಾಯ ಆಗ್ತಿತ್ತು, ನಾ ಕ್ಯಾಮೆರಾ ಕೆಟ್ಟದ ಅಂತ ತಿಳ್ಕೊಂಡೆ. ನಮ್ಮ ಮೈದುನ ಮೊಬೈಲ್ ರಿಪೇರಿ ಅಂಗಡಿ ಇಟ್ಟಾನ, ಅಂವ ಬಂದು ನೋಡಿ, ವೈನಿ ಇದು ಕೇಬಲ್ ತಪ್ಪದ ಅಂತ ಹೇಳಿ ಒಳಗ ಚಿಪ್ ಇರೋ ಆ್ಯಕ್ಟಿವ್ ಕೇಬಲ್ ತಂದು ಹಾಕ್ದ. ಅಲ್ಲಿಂದ ಸರಿ ಅದ.

ಖರೆ ಫಜೀತಿ ಮೈನಸ್ ಚಿಹ್ನೆದು. ಮೊದಲನೇ ಕಿರುಪರೀಕ್ಷೆ ಉತ್ತರ ಪತ್ರಿಕೆ ವಾಟ್ಸಾಪ್‌ನ್ಯಾಗ ತರಸ್ಕೊಂಡು ನೋಡ್ತೀನಿ, ಊರಿನವ್ರೆಲ್ಲಾರದೂ ಒಂದೇ ತಪ್ಪು. ಮೈನಸ್ಸೇ ಇಲ್ಲ. ಎಕ್ಸ್ ಸ್ಕ್ವೇರ್ ಇದ್ದಲ್ಲಿ ಬರೇ ಎಕ್ಸ್. ಹುಡುಗ್ರದೇನೂ ತಪ್ಪಿಲ್ಲ, ನೆಟ್ ಕಮ್ಮಿ ಇದ್ದಾಗ ವಿಡಿಯೋ ತನ್ನಷ್ಟಕ್ಕ ತಾನೇ ಕ್ವಾಲಿಟಿ ಇಳಿಸ್ಕೋತದ, ಸಣ್ಣ ಗೆರಿ ಮೊದಲ ಹಾರಿಹೋಗ್ತಾವ, ಅದೂ 6 ಇಂಚಿನ ಮೊಬೈಲಿನ್ಯಾಗ ಇಡೀ ಬೋರ್ಡ್ ನೋಡ್ಬೇಕಂದ್ರ ಯಾರಿಗ ಕಾಣಸ್ತದ. 40 ಸಾವಿರದ ಕ್ಯಾಮೆರಾ ಇದ್ರೂ ಅಲ್ಲಿ ಮುಟ್ಟೋದು ಅಷ್ಟೇ. ಅವತ್ತಿಂದ ಬೋರ್ಡಿನ ಅರ್ಧಕ್ಕ 6 ಲೈನಿಗಿಂತ ಹೆಚ್ಚಿಗೆ ಬರಿಯಂಗಿಲ್ಲ, ಮೈನಸ್ ಎಳಿಯೋವಾಗ ಚಾಕ್‌ಪೀಸ್ ಅಡ್ಡ ಹಿಡದು ದಪ್ಪ ಎಳಿತೀನಿ, ಬಾಯಿಲೇನೂ ಹೇಳ್ತೀನಿ. ಎದುರಿಗೆ ಕುಂತವ್ರು ನಗ್ತಾರ, ನಗಲಿ.

ಈಗ ದನಿ ಸುದ್ದಿ. ಇದನ್ನೇ ಹೇಳ್ಬೇಕಂತ ಬರೀಲಕ್ಕ ಕುಂತಿದ್ದು.

ಮೊದಲಿನ ನಾಲ್ಕು ತಿಂಗಳು ಊರಿನ ಹುಡುಗ್ರು ಒಬ್ಬರೂ ಒಂದ್ ಪ್ರಶ್ನೆ ಕೇಳ್ಲಿಲ್ಲ. ತಿಳೀತೇನ್ರೋ ಅಂದ್ರ ಚಾಟಿನ್ಯಾಗ ‘ಯೆಸ್ ಮೇಡಂ’ ಅಂತ ಬರ್ತಿತ್ತು, ಅಷ್ಟೇ. ನಾ ಏನ್ ತಿಳ್ಕೊಂಡೆ, ಹಳ್ಳಿ ಹುಡುಗ್ರು, ಅಂಜ್ತಾವ, ನಾಚ್ತಾವ ಅಂತ. ಅವ್ರಿಗೆ ಬೈದೂ ಬಿಟ್ಟೆ ಒಂದಿನ, ನೀವು ಟಿವಿ ನೋಡಿದಂಗ ಕುಂದ್ರಬ್ಯಾಡ್ರಿ ಅಂತ. ಮರುದಿನ ಅಫಜಲಪುರ ಕಡಿ ಹುಡುಗಿ ಫೋನ್ ಮಾಡಿ, ‘ಮೇಡಂರಿ, ನಾ ಮೈಕ್ ಆನ್ ಮಾಡಿ ಮಾತಾಡಿದ್ರ ನನ್ನ ದನಿ ನನಗೇ ತಿರಗಿ ಕೇಳಸ್ತದ್ರಿ, ಮಾತೇ ತಪ್ತದ್ರಿ, ಅದಕ್ಕ ಯಾರೂ ಆನ್ ಮಾಡಂಗಿಲ್ರಿ’ ಅಂದ್ಳು.

ನನಗ ಒಂದಿನಾನೂ ಆ ಎಕೋ ಕೇಳಿದ್ದೇ ಇಲ್ಲ. ಕೇಳಂಗೂ ಇಲ್ಲ, ಇದು ಹೊಸದಾಗಿ ತಗೊಳ್ಳೋರಿಗೆ ಯಾರೂ ಹೇಳಂಗಿಲ್ಲ ನೋಡ್ರಿ. ಆ ಹುಡುಗಿ ದನಿ ನಮ್ಮ ಟಿವಿ ಸ್ಪೀಕರಿನ್ಯಾಗ ಬರ್ತದ, ನಮ್ಮ ರೂಮಿನ ಮೈಕ್ ಅದನ್ನ ಹಿಡದು ತಿರಗಿ ಅಕಿಗೇ ಕಳಸ್ತದ. ಎಕೋ ಹುಟ್ಟೋದು ನಮ್ಮ ರೂಮಿನ್ಯಾಗ, ಕೇಳೋದು ಅಕಿ ಕಿವಿಗೆ. ನಾವಿಲ್ಲಿ ಎಲ್ಲಾ ಬರೋಬ್ಬರಿ ಅದ ಅಂತ ಕುಂತಿರ್ತೀವಿ. ನಾಲ್ಕು ತಿಂಗಳು ಆ ಮಕ್ಕಳಿಗೆ ಅಂಜುಬುರುಕರು ಅಂತ ಹೆಸರಿಟ್ಟು ಕುಂತಿದ್ದೆ, ನನಗ ಭಾಳ ಕೆಟ್ಟ ಅನಿಸ್ತು.

ಸ್ಪೀಕರ್‌ಫೋನ್ ತಗೊಂಡಿದ್ದು ಆವಾಗ, 11 ಸಾವಿರ. ಇದ್ರಾಗ ಮೈಕೂ ಸ್ಪೀಕರೂ ಒಂದೇ ಡಬ್ಬಿಯೊಳಗ ಇರ್ತಾವ, ಸ್ಪೀಕರಿಂದ ಏನ್ ಹೊಂಟದ ಅಂತ ಅದಕ್ಕ ಗೊತ್ತಿರ್ತದ, ಮೈಕಿನ್ಯಾಗ ಬಂದ ದನಿಯೊಳಗಿಂದ ಅದನ್ನ ಕಳದು ಉಳಿದಿದ್ದಷ್ಟೇ ಕಳಸ್ತದ. ಅಂದ್ರ ವಜಾಬಾಕಿ ಲೆಕ್ಕ. ಟಿವಿ ದನಿ ಪೂರಾ ಬಂದ್ ಮಾಡಿ, ಮೈಕು ಸ್ಪೀಕರು ಎರಡೂ ಇದ್ರಾಗೇ ಇಟ್ಟೆ. ಮುಕ್ಕಾಲು ಪಾಲು ಹೋಯ್ತು. ಇನ್ನ ಕಾಲು ಪಾಲು ಹೋಗವಲ್ದು, ದನಿ ಡಬ್ಬದೊಳಗಿಂದ ಬಂದಂಗ ಗವ್ ಅಂತದ ಅಂತ ಹುಡುಗ್ರು ಹೇಳ್ತಿದ್ರು. ಅದು ರೂಮಿಂದು. ನಮ್ಮ ಕಡಿ ಮನಿ ಅಂದ್ರ ನೆಲಕ್ಕೆಲ್ಲಾ ಶಹಾಬಾದಿ ಪರ್ಸಿ, ನಾಲ್ಕೂ ಕಡಿ ಸಿಮೆಂಟ್ ಗ್ವಾಡಿ, ದನಿ ಎಲ್ಲೂ ಹೀರ್ಕೊಳ್ಳಂಗಿಲ್ಲ, ಚೆಂಡು ಪುಟಿದಂಗ ಪುಟೀತದ. ಯಾರೋ ಫೋಮ್ ಶೀಟ್ ಅಂಟಸ್ರಿ, 15 ಸಾವಿರ ಆಗ್ತದ ಅಂದ್ರು. ನಮ್ಮತ್ತಿ ಪೆಟಗಿಯೊಳಗಿನ ಎರಡ್ ಹಳೆ ಕೌದಿ ತಗದು ಹಿಂದಿನ ಗ್ವಾಡಿಗೆ ಹಗ್ಗ ಕಟ್ಟಿ ಇಳಿಬಿಟ್ಟೆ, ಕೆಳಗ ಜಮಖಾನಿ ಹಾಸ್ದೆ. ಖರ್ಚು ಶೂನ್ಯ. ಗವ್ ಅನ್ನೋದು ಹೋಯ್ತು. ನೋಡ್ಲಕ್ಕೂ ಚಂದ ಅದ, ಕ್ಯಾಮೆರಾ ಕೌದಿ ನಡುವ ಕುಂತದ.

ಆ ವಾರದಾಗೇ ಕುಂಚಾವರಂ ಕಡಿ ಹುಡುಗ ಮೊದಲನೇ ಸಲ ನಡುವ ಬಾಯಿ ಹಾಕಿ ‘ಮೇಡಂ ಅಲ್ಲಿ ಸಿ ಬಿಟ್ರಿ’ ಅಂದ. ಇಂಟಿಗ್ರೇಷನ್ ಮಾಡಿ ಪ್ಲಸ್ ಸಿ ಬರಿಯೋದು ಖರೇನೇ ಬಿಟ್ಟಿದ್ದೆ. ಎದುರಿಗಿದ್ದ 28 ಮಂದಿಯೊಳಗ ಒಬ್ಬಾಂವೂ ನೋಡಿರ್ಲಿಲ್ಲ.

ಫ್ಯಾನ್ ಸುದ್ದಿ ಹೇಳ್ದೇ ಇದ್ರ ಕಲಬುರಗಿ ರಿವ್ಯೂ ಆಗಂಗಿಲ್ಲ. ಏಪ್ರಿಲ್ ಮೇದಾಗ 42-43 ಡಿಗ್ರಿ, ಫ್ಯಾನ್ ಬಂದ್ ಮಾಡಿ ಪಾಠ ಮಾಡ್ರಿ ಅಂದ್ರ ಹುಡುಗ್ರು ಎದ್ದೇ ಹೋಗ್ತಾರ. 2024ರಾಗ ಪಿಯುಸಿಗೆ ವರ್ಷಕ್ಕ ಮೂರು ಪರೀಕ್ಷೆ ಮಾಡಿದ್ರಲ್ಲ, ಆವಾಗಿಂದ ಆ ಬಿಸಲಾಗೂ ನಮ್ಮ ಕ್ಲಾಸ್ ನಡೀತದ, ಊರಿನ ಹುಡುಗ್ರೇ ಹೆಚ್ಚ ಇರ್ತಾರ. ಸ್ಪೀಕರ್‌ಫೋನ್ ಫ್ಯಾನಿನ ನೆಟ್ಟಗ ಕೆಳಗ ಇಡಬ್ಯಾಡ್ರಿ, ಅಷ್ಟ್ ಮಾಡಿದ್ರ ಸಾಕು. ವಿಡಿಯೋ ಕಾಲ್ ಆ್ಯಪಿನ್ಯಾಗ ಸಪ್ಪಳ ಕಮ್ಮಿ ಮಾಡೋ ಸೆಟ್ಟಿಂಗ್ ಇರ್ತದ, ಅದನ್ನ ಪೂರಾ ಹೆಚ್ಚಿಗಿಟ್ರ ಫ್ಯಾನ್ ಸಪ್ಪಳ ಹೋಗ್ತದ ಖರೆ, ಆದ್ರ ಹಿಂದಿನ ಬೆಂಚಿನವ್ನ ದನೀನೂ ಸಪ್ಪಳ ಅಂತ ತಿಳದು ನುಂಗ್ತದ. ನಡುವಿನ ಮಟ್ಟಕ್ಕ ಇಡ್ರಿ.

ಕಾಲರ್ ಮೈಕ್ ಅರ್ಧ ದಂಡ. ನನ್ನ ದನಿ ಮಸ್ತ್ ಹೋಗ್ತದ, ಆದ್ರ ರೂಮಿನ ಹುಡುಗ್ರು ಕೇಳಿದ ಪ್ರಶ್ನೆ ಊರಿನವ್ರಿಗೆ ಮುಟ್ಟಂಗಿಲ್ಲ, ಅವ್ರಿಗೆ ನನ್ನ ಉತ್ತರ ಒಂದೇ ಕೇಳ್ತದ, ಮೇಡಂ ಯಾರ್ ಜೋಡಿ ಮಾತಾಡ್ಲಕತ್ತಾರ ಅಂತ ಅನಸ್ತದ. ಈಗ ಮೈಕ್ ಯಾವ್ದೇ ಇರಲಿ, ಪ್ರಶ್ನೆ ನಾನೊಮ್ಮೆ ತಿರಗಿ ಹೇಳಿ ಆಮ್ಯಾಲ ಉತ್ತರ ಹೇಳೋ ರೂಢಿ ಮಾಡ್ಕೊಂಡೀನಿ. ಕಾಲರ್ ಮೈಕ್ ಡಬ್ಬಿಯೊಳಗ ಅದ, ಬೇಕಿದ್ದವ್ರು ಕೇಳ್ರಿ.

ಟಿವಿ ಎಲ್ಲಿ ಇಡಬೇಕು ಅನ್ನೋದ್ರಾಗೂ ಒಂದ್ ವರ್ಷ ತಪ್ಪಿದೆ. ಬೋರ್ಡ್ ಬಾಜೂಕ್ ಇಟ್ಟಿದ್ದೆ, ಎಲ್ಲಾರೂ ಎಲ್ಲಾರನ್ನ ನೋಡ್ಲಿ ಅಂತ. ನೋಡಿದ್ರು, ಪಾಠ ಬಿಟ್ಟು ಅದನ್ನೇ ನೋಡಿದ್ರು, ಅದೂ ಹುಡುಗ್ಯಾರು ಕ್ಯಾಮೆರಾ ಆನ್ ಮಾಡಿದ್ರ ಕೇಳಬ್ಯಾಡ್ರಿ. ನನ್ನ ಬೆನ್ನು ಮಾತ್ರ ಟಿವಿ ಕಡಿಗೇ. ಈಗ ಹಿಂದಿನ ಗ್ವಾಡಿಗೆ, ಕ್ಯಾಮೆರಾದ ಕೆಳಗೇ ಇಟ್ಟೀನಿ. ನಾ ಹುಡುಗ್ರ ಮಾರಿ ನೋಡಿದ್ರ ಕ್ಯಾಮೆರಾನೂ ನೋಡಿದಂಗ ಆಗ್ತದ.

ಆ್ಯಪಿನ ಬಗ್ಗೆ ಹೇಳೋದೇನೂ ಭಾಳ ಇಲ್ಲ. ಜೂಮ್ ಫುಕಟ್‌ದಾಗ 40 ನಿಮಿಷ, ಗೂಗಲ್ ಮೀಟ್‌ದಾಗ ಮೂರು ಮಂದಿ ಮ್ಯಾಲ ಇದ್ರ ಒಂದ್ ತಾಸು, ಎರಡರಾಗೂ 100 ಮಂದಿ ತನಕ. ನಮ್ದು ಒಂದೂವರಿ ತಾಸಿನ ಕ್ಲಾಸು. ಮೊದಲ ಎರಡೆರಡು ಲಿಂಕ್ ಕಳಸ್ತಿದ್ದೆ, ಎರಡನೇ ಲಿಂಕಿಗೆ ಅರ್ಧ ಮಂದಿ ಬರ್ತಿದ್ದಿಲ್ಲ, ಕಡೀಗೆ ರೊಕ್ಕ ಕಟ್ಟಿದೆ.

ನೆಟ್ಟು ಕರೆಂಟು ನಮ್ಮ ಕೈಯಾಗಿಲ್ಲ. ರೌಟರಿಗೆ ಒಂದ್ ಸಣ್ಣ ಯುಪಿಎಸ್ ಹಾಕ್ರಿ, ಕರೆಂಟ್ ಹೋದ್ರ ಲ್ಯಾಪ್‌ಟಾಪಿಗೆ ಬ್ಯಾಟರಿ ಇರ್ತದ, ರೌಟರ್ ಸಾಯ್ತದ. ಹುಡುಗ್ರ ಕಡಿ ದಿನಕ್ಕ ಒಂದೂವರಿ ಜಿಬಿ ಪ್ಯಾಕು, ನಮ್ಮ ಒಂದ್ ಕ್ಲಾಸಿಗೇ ಮುಕ್ಕಾಲು ಜಿಬಿ ಮ್ಯಾಲ ಹೋಗ್ತಿತ್ತು ಅಂತ ಹೇಳ್ತಿದ್ರು. ಈಗ ಅವ್ರ ವಿಡಿಯೋ ಬಂದ್ ಇಡಸ್ತೀನಿ, ಸಿಗ್ನಲ್ ತೀರಾ ಕಮ್ಮಿ ಇದ್ದವ್ರು ದನಿ ಒಂದೇ ಕೇಳ್ತಾರ, ಬೋರ್ಡ್ ತುಂಬಿದಾಗೊಮ್ಮೆ ಫೋಟೋ ತಗದು ವಾಟ್ಸಾಪ್ ಗ್ರೂಪಿಗೆ ಹಾಕ್ತೀನಿ. ಕುಂಚಾವರಂ ಹುಡುಗ ಮಾಳಗಿ ಏರಿ ಕುಂದ್ರತಾನ, ಮಳಿ ಬಂದ್ರ ಅಂವಂದು ಆಬ್ಸೆಂಟ್. ತೊಗರಿ ರಾಶಿ ಟೈಮಿನ್ಯಾಗ ಅಪ್ಪನ ಜೋಡಿ ಮೊಬೈಲೂ ಹೊಲಕ್ಕ ಹೋಗ್ತದ, ಡಿಸೆಂಬರ್ ಜನವರಿದಾಗ ಹಾಜರಿ ಅರ್ಧ. ಇದಕ್ಕ ಯಾವ ಕಂಪನಿ ಸೆಟ್ಟಿನ್ಯಾಗೂ ಔಷಧ ಇಲ್ಲ.

ರಿಪೇರಿ: ಸ್ಪೀಕರ್‌ಫೋನಿನ ಬ್ಯಾಟರಿ ಎರಡ್ ವರ್ಷಕ್ಕ ಕುಂತ್‌ಬಿಟ್ತು, ಈಗ ಯುಎಸ್‌ಬಿ ವೈರ್ ಹಚ್ಚೇ ಓಡಸ್ತೀನಿ, ಏನೂ ಫರಕ್ ಇಲ್ಲ. ಕ್ಯಾಮೆರಾ ಒಮ್ಮೆ ತಿರಗೋದು ನಿಂತು ಸರ್ವಿಸಿಗೆ ಕೊಟ್ಟೆ, ಐದು ವಾರ ಇಟ್ಕೊಂಡ್ರು, ಆ ಐದು ವಾರ 2 ಸಾವಿರದ ಸಾದಾ ವೆಬ್‌ಕ್ಯಾಮಿನ್ಯಾಗ ಪಾಠ ಮಾಡಿದೆ. ಊರಿನ ಹುಡುಗ್ರೊಳಗ ಇಬ್ಬರಿಗಷ್ಟೇ ಕ್ಯಾಮೆರಾ ಬದಲಾಗಿದ್ದು ಗೊತ್ತಾಗಿತ್ತು.

ಕ್ಯಾಮೆರಾಕ್ಕ 5ರಾಗ 3 ಸ್ಟಾರ್, ಸ್ಪೀಕರ್‌ಫೋನಿಗೆ ನಾಲ್ಕೂವರಿ. ತಗೊಳ್ಳೋರು ಮೊದಲ ಸ್ಪೀಕರ್‌ಫೋನ್ ತಗೊಂಡು ಮೊಬೈಲನ್ನೇ ಕ್ಯಾಮೆರಾ ಮಾಡ್ಕೊಂಡು ಒಂದ್ ತಿಂಗಳು ನಡಸ್ರಿ. ಮತ್ತ ನಡಸೋ ಮೊದಲ ಒಬ್ಬರನ್ನ ನಿಮ್ಮ ಜಾಗಾದಾಗ ನಿಂದ್ರಿಸಿ, ನೀವು ಹೊರಗ ಹೋಗಿ ಮೊಬೈಲಿನ್ಯಾಗ ನಿಮ್ಮ ಕ್ಲಾಸಿಗೆ ನೀವೇ ಸೇರಿ ಒಂದ್ ಪ್ರಶ್ನೆ ಕೇಳಿ ನೋಡ್ರಿ. ನಾ ಅದನ್ನ ಮಾಡಿದ್ದು ನಾಲ್ಕು ತಿಂಗಳಾದ ಮ್ಯಾಲ.

ಮನ್ನೆ ಐತವಾರ ಕೌದಿ ಭಾಳ ಧೂಳಾಗ್ಯಾವ ಅಂತ ತಗದು ಒಗ್ಯಾಕ ಹಾಕಿದ್ದೆ, ಮಳಿ ಹಿಡೀತು, ಒಣಗ್ಲಿಲ್ಲ. ಸೋಮವಾರ ಕ್ಲಾಸ್ ಚಾಲೂ ಆಗಿ ಎರಡ್ ನಿಮಿಷ ಆಗಿಲ್ಲ, ಆಳಂದ ಕಡಿಯಿಂದ ಒಬ್ಬಾಕಿ, ‘ಮೇಡಂರಿ, ಕೌದಿ ಎಲ್ಲಿಟ್ರಿ?’